ಬೆಳ್ಳಿ ಚಮಚವನ್ನು ತಕ್ಕಡಿಗೆ ಹಾಕಬೇಡಿ ಸ್ವಾಮಿ

ಎಲ್ಲರಿಗೂ ನಮಸ್ಕಾರ. ಇವತ್ತು ರಷ್ಯದ ಎನಾಮಲ್ ಚಮಚಗಳ, ಅಂದರೆ ಬಣ್ಣದ ಗಾಜು ಕರಗಿಸಿ ಕೂರಿಸಿದ ಬೆಳ್ಳಿ ಚಮಚಗಳ, ನಕಲಿ ಮುದ್ರೆಗಳ ಬಗ್ಗೆ ಮಾತಾಡೋಣ ಅಂತ ಎಲ್ಲ ಬರೆದಿಟ್ಟುಕೊಂಡಿದ್ದೆ. ಅದು ಮುಂದಿನ ವಾರಕ್ಕೆ ಹೋಯಿತು. ಯಾಕೆ ಅಂದರೆ, ಕಳೆದ ವಿಡಿಯೋದಲ್ಲಿ ನಾನು ಕೊಂಡ ಒಂದು ಹಳೆ ಚಮಚ ತೋರಿಸಿದ್ದೆ, ಅದರ ಕೆಳಗೆ ಒಬ್ಬರು ಒಂದು ಕಾಮೆಂಟ್ ಹಾಕಿದ್ದಾರೆ. ಓದುತ್ತೇನೆ, ಕೇಳಿ.

"ಸಾರ್, ಬೆಳ್ಳಿ ಗ್ರಾಂಗೆ ಎಷ್ಟಿದೆ ಅಂತ ಗೊತ್ತಾ? ಹತ್ತು ಗ್ರಾಂ ಇಲ್ಲದ ಚಮಚಕ್ಕೆ ಅಷ್ಟು ದುಡ್ಡಾ? ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ."

ಕೊನೆಗೆ ನಗುವ ಮುಖ, ಸಾಲಾಗಿ. ಆ ಕಾಮೆಂಟಿಗೆ ಬಂದ ಲೈಕ್ ನನ್ನ ವಿಡಿಯೋಗೂ ಬಂದಿಲ್ಲ. ಲೈಕ್ ಕೊಟ್ಟವರಲ್ಲಿ ನನ್ನ ಭಾವಮೈದುನನೂ ಇದ್ದಾನೆ. ನೋಡಿದ್ದೇನೆ ಕಣೋ.

ಸರಿ, ವಿಷಯಕ್ಕೆ ಬರೋಣ. ನಾನು ಇವತ್ತು ಹೇಳುವುದು ಒಂದೇ ಮಾತು. ಹಳೆಯ ಎನಾಮಲ್ ಚಮಚದ ಬೆಲೆಯನ್ನು ತಕ್ಕಡಿ ಹೇಳುವುದಿಲ್ಲ. ತಕ್ಕಡಿ ಹೇಳುವುದು, ಅದನ್ನು ಹಾಳು ಮಾಡಿದರೆ ಕೈಗೆ ಏನು ಉಳಿಯುತ್ತದೆ ಅನ್ನುವುದನ್ನು ಮಾತ್ರ.

ಕಳೆದ ವಿಡಿಯೋದಲ್ಲಿ ತೋರಿಸಿದ ಚಮಚ ಯಾವುದು ಅಂತ ಹೊಸಬರಿಗೆ ಹೇಳಿಬಿಡುತ್ತೇನೆ. ನಾರ್ವೆ ದೇಶದ ಬರ್ಗೆನ್ ಊರಿನಲ್ಲಿ ಮಾರಿಯುಸ್ ಹಮ್ಮರ್ ಅಂತ ಒಬ್ಬ ಬೆಳ್ಳಿ ಕೆಲಸದವನಿದ್ದ. ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಅವನ ಕಾರ್ಖಾನೆಯಿಂದ ಬಂದ ಚಮಚಗಳನ್ನು ಬೆಳಕಿಗೆ ಹಿಡಿದರೆ ಬಣ್ಣ ಹೊಳೆಯುತ್ತದೆ. ಚರ್ಚಿನ ಕಿಟಕಿ ಗಾಜಿನಲ್ಲಿ ಬಿಸಿಲು ಬರುತ್ತದಲ್ಲ, ಹಾಗೆಯೇ. ಈ ಕೆಲಸದ ಹೆಸರು ಪ್ಲೀಕಾಜೂರ್. ಫ್ರೆಂಚ್ ಹೆಸರು. ನಾನು ಹೇಳುವ ರೀತಿ ತಪ್ಪು ಅಂತ ಕಾಮೆಂಟ್ ಹಾಕುವವರು ಹಾಕಿ, ಅಲ್ಗಾರಿದಮ್‌ಗೆ ಒಳ್ಳೆಯದು.

ಇದನ್ನು ಮಾಡುವುದು ಹೇಗೆ ಗೊತ್ತಾ? ಸಾಮಾನ್ಯ ಎನಾಮಲ್‌ನಲ್ಲಿ ಗಾಜಿನ ಪುಡಿಯ ಕೆಳಗೆ ಲೋಹ ಇರುತ್ತದೆ. ಪುಡಿ ಕರಗಿ ಲೋಹಕ್ಕೆ ಅಂಟಿಕೊಳ್ಳುತ್ತದೆ. ಇದರಲ್ಲಿ ಕೆಳಗೆ ಏನೂ ಇಲ್ಲ. ಬೆಳ್ಳಿ ತಂತಿಯಲ್ಲಿ ಪುಟ್ಟ ಪುಟ್ಟ ಕಿಂಡಿಗಳನ್ನು ಕಟ್ಟುತ್ತಾರೆ. ಆ ಕಿಂಡಿಗಳಲ್ಲಿ ಒದ್ದೆ ಗಾಜಿನ ಪುಡಿ ತುಂಬುತ್ತಾರೆ. ಕುಲುಮೆಗೆ ಇಡುತ್ತಾರೆ. ಗಾಜು ಕರಗಿ ಕುಗ್ಗುತ್ತದೆ, ಕಿಂಡಿ ಅರ್ಧ ಖಾಲಿಯಾಗುತ್ತದೆ. ಮತ್ತೆ ತುಂಬು, ಮತ್ತೆ ಸುಡು. ಕಿಂಡಿ ತುಂಬುವವರೆಗೂ ಇದೇ ಕೆಲಸ. ಒಂದು ಕಿಂಡಿ ಬಿರುಕು ಬಿಟ್ಟರೆ ಮುಗಿಯಿತು, ಮೊದಲಿಂದ ಶುರು.

ಶಾಖದ ಲೆಕ್ಕವನ್ನೂ ಕೇಳಿ. ಎನಾಮಲ್ ಕರಗುವುದು ಸುಮಾರು 750ರಿಂದ 850 ಡಿಗ್ರಿಯಲ್ಲಿ. ಅಪ್ಪಟ ಬೆಳ್ಳಿ ಕರಗುವುದು 961ರಲ್ಲಿ. ಆದರೆ ಚಮಚ ಅಪ್ಪಟ ಬೆಳ್ಳಿಯದಲ್ಲ, ತಾಮ್ರ ಬೆರೆತಿರುತ್ತದೆ, ಹಾಗಾಗಿ ಅದಕ್ಕೂ ಮೊದಲೇ ಮೆತ್ತಗಾಗುತ್ತದೆ. ಅಂದರೆ ಗಾಜು ಕರಗಬೇಕು, ಅದನ್ನು ಹಿಡಿದಿರುವ ತಂತಿ ಕರಗಬಾರದು. ಕಣ್ಣಳತೆಯಲ್ಲಿ, ಬೆಂಕಿಯ ಬಣ್ಣ ನೋಡಿ ಮಾಡುತ್ತಿದ್ದ ಕೆಲಸ ಇದು. ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿ ಮೆರೋಡ್ ಕಪ್ ಅಂತ ಇದೇ ಕೆಲಸದ ಒಂದು ಬಟ್ಟಲಿದೆ, ಸುಮಾರು 1400ರ ಕಾಲದ್ದು. ಈ ಕೆಲಸದಲ್ಲಿ ಆ ಕಾಲದಿಂದ ಉಳಿದು ಬಂದಿರುವ ವಸ್ತುಗಳು ತೀರಾ ಅಪರೂಪ.

ಇಷ್ಟೆಲ್ಲ ಮಾಡಿದ ಮೇಲೆ ಅದರ ತೂಕ ಎಷ್ಟು? ಹತ್ತು ಗ್ರಾಂ ಆಸುಪಾಸು. ಹೌದು, ಹತ್ತೇ. ವೀಣೆಯನ್ನು ಸೌದೆ ರೇಟಿಗೆ ಕೇಳುತ್ತೀರಾ? ಹಲಸಿನ ಮರ ಟನ್ನಿಗೆ ಎಷ್ಟು ಅಂತ ವಿಚಾರಿಸಿಕೊಂಡು ವೀಣೆ ಮಾಡುವವರ ಮನೆಗೆ ಹೋಗಿ ನೋಡಿ. ಕಾಫಿ ಕೂಡ ಕೊಡದೆ ಕಳಿಸುತ್ತಾರೆ.

ಇನ್ನೊಂದು ಕಥೆ. ನಮ್ಮ ಪರಿಚಯದವರೊಬ್ಬರ ಮನೆಯಲ್ಲಿ ಎನಾಮಲ್ ಚಮಚ ಒಂದಿತ್ತು. ತಾತ ವಿದೇಶದಿಂದ ತಂದದ್ದು. ಹಣದ ಅವಸರವಿತ್ತು, ಒಂದು ಅಂಗಡಿಗೆ ತೆಗೆದುಕೊಂಡು ಹೋದರು. ಯಾವ ಅಂಗಡಿ ಅಂತ ಕೇಳಬೇಡಿ. ಅಂಗಡಿಯವರು ತೂಕ ಹಾಕಿದರು. ಆಮೇಲೆ ಏನು ಮಾಡಿದರು ಗೊತ್ತಾ? ಎನಾಮಲ್ ತೂಕವನ್ನು ಕಳೆದರು! "ಬಣ್ಣಕ್ಕೆ ಬೆಲೆ ಇಲ್ಲ ಮೇಡಂ, ವೇಸ್ಟೇಜ್" ಅಂದರಂತೆ. ಆ ಚಮಚವನ್ನು ಜನ ಹುಡುಕಿಕೊಂಡು ಬರುವುದೇ ಆ ಬಣ್ಣಕ್ಕೆ! ಹಣ್ಣನ್ನು ತೆಗೆದಿಟ್ಟು ಸಿಪ್ಪೆಗೆ ದುಡ್ಡು ಕೊಟ್ಟರು. ಅಂಗಡಿಯವರ ಮೇಲೆ ನನಗೆ ಕೋಪ ಇಲ್ಲ, ಅವರ ಕಸುಬು ತೂಕದ್ದು. ಕೋಪ ಇರುವುದು ಆ ಕಸುಬಿನ ಲೆಕ್ಕವನ್ನು ತಂದು ನನ್ನ ಕಾಮೆಂಟ್ ಬಾಕ್ಸಿಗೆ ಸುರಿಯುವವರ ಮೇಲೆ.

ಈಗ ಬುದ್ಧಿವಂತರೊಬ್ಬರು ಬರುತ್ತಾರೆ. "ಸಾರ್, ಎನಾಮಲ್ ಒಡೆದರೆ ಏನು ಮಾಡುತ್ತೀರಿ? ಆಗ ಉಳಿಯುವುದು ಬೆಳ್ಳಿಯೇ ಅಲ್ವಾ?" ಭೇಷ್. ನನ್ನ ಕೆಲಸವನ್ನು ನೀವೇ ಮಾಡಿಕೊಟ್ಟಿರಿ. ಸಾಸಿವೆ ಕಾಳಿನಷ್ಟು ಗಾಜಿನ ಚೂರು ಉದುರಿದರೆ ತಕ್ಕಡಿಯ ಮುಳ್ಳು ಅಲ್ಲಾಡುವುದೇ ಇಲ್ಲ. ಆದರೆ ಕೊಳ್ಳುವವನು ಮುಖ ತಿರುಗಿಸುತ್ತಾನೆ, ಬೆಲೆ ದಡ್ ಅಂತ ಇಳಿಯುತ್ತದೆ. ಹಾಗಾದರೆ ಬೆಲೆ ಇದ್ದದ್ದು ಎಲ್ಲಿ? ಹೇಳಿ, ಕಾಯುತ್ತೇನೆ.

ಅಂದಹಾಗೆ, ಕೊಳ್ಳುವಾಗ ಒಂದು ಪುಟ್ಟ ಯುವಿ ಟಾರ್ಚ್ ಇಟ್ಟುಕೊಳ್ಳಿ. ಒಡೆದ ಎನಾಮಲ್ಲನ್ನು ಮತ್ತೆ ಕುಲುಮೆಗಿಟ್ಟು ಸರಿ ಮಾಡುವುದು ಕಷ್ಟ, ಉಳಿದ ಬಣ್ಣವೂ ಹಾಳಾಗಬಹುದು. ಅದಕ್ಕೆ ಕೆಲವರು ರಾಳದ ಬಣ್ಣ ತುಂಬಿಬಿಡುತ್ತಾರೆ. ಟಾರ್ಚ್ ಬೆಳಕಿನಲ್ಲಿ ಆ ತೇಪೆ ಎಷ್ಟೋ ಸಲ ಬೇರೆಯಾಗಿ ಕಾಣುತ್ತದೆ. ಇನ್ನು, ದಯವಿಟ್ಟು ಹುಣಸೆಹಣ್ಣು ಹಾಕಿ ಉಜ್ಜಬೇಡಿ. ಬೆಳ್ಳಿ ಅದ್ದಿ ತೆಗೆಯುವ ಆ ದ್ರಾವಣದ ಬಾಟಲಿಯೂ ಬೇಡ. ಕುದಿಯುವ ನೀರು ಬೇಡವೇ ಬೇಡ. ಗಾಜು ಮತ್ತು ಬೆಳ್ಳಿ ಒಂದೇ ಅಳತೆಯಲ್ಲಿ ಹಿಗ್ಗುವುದಿಲ್ಲ, ಚಿಟ್ ಅನ್ನುತ್ತದೆ. ಮೆತ್ತನೆ ಬಟ್ಟೆ ಸಾಕು. ಇದರ ಬಗ್ಗೆ ನನ್ನದೇ ಒಂದು ಹಳೆ ವಿಡಿಯೋ ಇದೆ, ಲಿಂಕ್ ಕೆಳಗೆ ಹಾಕಿರುತ್ತೇನೆ. ನೋಡಿ, ಪಾಪ, ಅದನ್ನು ಯಾರೂ ನೋಡಿಲ್ಲ.

ಎಲ್ಲಿದ್ದೆ? ಹಾಂ, ತಕ್ಕಡಿ.

ಚಮಚವನ್ನು ತೂಕಕ್ಕೆ ಹಾಕುವ ಚಾಳಿ ಇವತ್ತಿನದಲ್ಲ. ಇಂಗ್ಲೆಂಡಿನಲ್ಲಿ 1649ರಲ್ಲಿ ರಾಜ ಮೊದಲನೇ ಚಾರ್ಲ್ಸ್‌ನ ತಲೆ ತೆಗೆದರು. ರಾಜನೇ ಇಲ್ಲದ ಮೇಲೆ ಕಿರೀಟ ಯಾಕೆ ಅಂತ ಪಾರ್ಲಿಮೆಂಟಿನವರು ಪಟ್ಟಾಭಿಷೇಕದ ಸಾಮಾನನ್ನೆಲ್ಲ ಹೊರಗೆ ತಂದರು. ಕಿರೀಟಗಳು ಕರಗಿ ನಾಣ್ಯವಾದವು. ಆ ರಾಶಿಯಲ್ಲಿ ಒಂದು ಚಿನ್ನದ ನೀರು ಕೊಟ್ಟ ಬೆಳ್ಳಿ ಚಮಚವೂ ಇತ್ತು. ಹನ್ನೆರಡನೇ ಶತಮಾನದ್ದು. ರಾಜನಿಗೆ ಎಣ್ಣೆ ಹಚ್ಚುವ ಶಾಸ್ತ್ರಕ್ಕೆ ಬಳಸುತ್ತಿದ್ದದ್ದು. ಕ್ಲೆಮೆಂಟ್ ಕಿನ್ನರ್ಸ್ಲಿ ಅನ್ನುವ ಅರಮನೆಯ ಹಳೆ ನೌಕರ ಅದನ್ನು 16 ಶಿಲ್ಲಿಂಗ್ ಕೊಟ್ಟು ಕೊಂಡುಕೊಂಡ. ಕರಗಿಸಲಿಲ್ಲ. ಇಟ್ಟುಕೊಂಡಿದ್ದ. ಮಗ ಚಾರ್ಲ್ಸ್ ರಾಜನಾಗಿ ಬಂದಾಗ ವಾಪಸ್ ಕೊಟ್ಟ. 1661ರ ಪಟ್ಟಾಭಿಷೇಕಕ್ಕೆ ಅದಕ್ಕೆ ಮುತ್ತು ಕೂರಿಸಿದರು. 2023ರಲ್ಲಿ ಈಗಿನ ರಾಜ ಚಾರ್ಲ್ಸ್‌ಗೂ ಅದೇ ಚಮಚ. ಕಿರೀಟ ಕರಗಿತು, ಚಮಚ ಉಳಿಯಿತು! ನಮ್ಮ ಕಾಮೆಂಟ್ ಮಹಾನುಭಾವರು ಆವತ್ತು ಅಲ್ಲಿದ್ದಿದ್ದರೆ "ಹದಿನಾರು ಶಿಲ್ಲಿಂಗಾ? ಕಿನ್ನರ್ಸ್ಲಿ ಸಾರ್, ಟೋಪಿ!" ಅಂತಿದ್ದರು. ನಗುವ ಮುಖ, ಸಾಲಾಗಿ.

ಇಷ್ಟು ಹಿಂದಕ್ಕೆ ಹೋಗುವುದೂ ಬೇಡ. 1980. ಅಮೆರಿಕದಲ್ಲಿ ಹಂಟ್ ಸಹೋದರರು ಅಂತ ತೈಲ ಬಾವಿ ದುಡ್ಡಿನ ಕುಳಗಳು. ಬೆಳ್ಳಿಯನ್ನು ರಾಶಿ ರಾಶಿ ಕೊಂಡು ಗುಡ್ಡೆ ಹಾಕಿದರು. ಆ ಜನವರಿಯಲ್ಲಿ ಬೆಲೆ ಔನ್ಸಿಗೆ 50 ಡಾಲರ್ ಹತ್ತಿರ ಹೋಯಿತು. ಜನ ಏನು ಮಾಡಿದರು? ಅಜ್ಜಿಯ ಕಾಲದ ಚಮಚ, ಫೋರ್ಕು, ಟೀ ಸೆಟ್ಟು ಎಲ್ಲ ಬಾಚಿಕೊಂಡು ಹೋಗಿ ಕರಗಿಸುವವರಿಗೆ ಕೊಟ್ಟರು. ಎಷ್ಟು ಒಳ್ಳೆಯ ಕೆಲಸ ಆ ಕುಲುಮೆಗೆ ಹೋಯಿತೋ ದೇವರೇ ಬಲ್ಲ. ಮಾರ್ಚ್ 27ಕ್ಕೆ ಬೆಲೆ 11 ಡಾಲರಿಗೂ ಕೆಳಗೆ ಬಂತು. ಬೆಳ್ಳಿಯೇನೋ ಮತ್ತೆ ಸಿಗುತ್ತದೆ, ಗಣಿ ಇದೆ. ಚಮಚ? ಅದು ಹೋಯಿತು.

"ನಮ್ಮ ಕಡೆ ಹಾಗೇನಿಲ್ಲ ಬಿಡಿ" ಅನ್ನಬೇಡಿ. ನಮ್ಮ ಕಡೆ ಇನ್ನೂ ಜಾಸ್ತಿ. ಬ್ರಿಟಿಷರ ಕಾಲದಲ್ಲಿ ಮದರಾಸಿನಲ್ಲಿ ಪಿ. ಓರ್ ಅಂಡ್ ಸನ್ಸ್ ಅಂತ ಬೆಳ್ಳಿ ಸಾಮಾನಿನ ಅಂಗಡಿ, ದೊಡ್ಡ ಹೆಸರು. ಅಲ್ಲಿ ಸ್ವಾಮಿ ಕೆಲಸ ಅಂತ ಒಂದು ಶೈಲಿ, ಬೆಳ್ಳಿಯ ಮೇಲೆ ದೇವರ ಮೂರ್ತಿಗಳು ಉಬ್ಬಿ ನಿಂತಿರುತ್ತವೆ. ದೊರೆಸಾನಿಯರು ಟೀ ಕಲಕುತ್ತಿದ್ದ ಚಮಚದ ತುದಿಯಲ್ಲಿ ನಮ್ಮ ದೇವರು! ಅದು ಬೇರೆ ತಮಾಷೆ, ಇನ್ನೊಂದು ದಿನ ಮಾತಾಡೋಣ. ನೂರು ವರ್ಷ ದಾಟಿದ ಇಂಥ ವಸ್ತುಗಳನ್ನು ದೇಶದಿಂದ ಸುಮ್ನೆ ಹೊರಗೆ ಕಳಿಸುವ ಹಾಗಿಲ್ಲ, 1972ರ ಪುರಾತನ ವಸ್ತುಗಳ ಕಾನೂನು ಇದೆ. ಕಾನೂನು ಕೇಳುವುದು ವಯಸ್ಸನ್ನು. ಗ್ರಾಂ ಅಲ್ಲ! ಸರ್ಕಾರಕ್ಕೇ ಅರ್ಥವಾಗಿದೆ, ನಿಮಗೆ ಆಗಿಲ್ಲ.

ಈಗ ಎದ್ದು ಹೋಗಿ ನಿಮ್ಮ ದೇವರ ಮನೆ ನೋಡಿ. ಪಂಚಪಾತ್ರೆಯಲ್ಲಿ ಉದ್ಧರಣೆ ಇರುತ್ತದಲ್ಲ, ಹಿಡಿಯ ತುದಿಯಲ್ಲಿ ನಾಗರ ಹೆಡೆ ಇರುವಂಥದ್ದು. ಮುತ್ತಜ್ಜಿ ಕಾಲದ ಬೆಳ್ಳಿಯದಾದರೆ, ಹೆಡೆಯ ಗೆರೆಗಳನ್ನು ಯಾರೋ ಕೂತು ಕೈಯಲ್ಲೇ ಕೆತ್ತಿರುತ್ತಾರೆ. ವರಮಹಾಲಕ್ಷ್ಮಿ ಹಬ್ಬ ಬಂದರೆ ಸಾಕು, ಹಳೇದು ಕೊಟ್ಟು ಹೊಸದು ತಗೊಳ್ಳೋಣ ಅಂತ ಹೊರಡುತ್ತೀರಿ. ಹೊಸದು ಫಳಫಳ ಹೊಳೆಯುತ್ತದೆ, ಅಚ್ಚಿನಲ್ಲಿ ಒತ್ತಿದ್ದು, ಬೀದಿಗೆ ನೂರು ಮನೆಯಲ್ಲಿ ಅದೇ ಹೆಡೆ. ಮಗುವಿನ ಒಳಲೆಯದೂ ಇದೇ ಗತಿ. ಹಳೇದು ಕೊಟ್ಟು ಬರುವಾಗ ಖುಷಿ ಬೇರೆ, "ತೂಕ ಸರಿಯಾಗಿ ಹಾಕಿದರು ಕಣ್ರೀ, ಪಾಪ ಒಳ್ಳೆಯವರು."

ತೂಕ! ಮತ್ತೆ ತೂಕ!

ಚಮಚ ಕೈಗೆ ಬಂದರೆ ಮೊದಲು ತಿರುಗಿಸಿ ನೋಡಿ ಸ್ವಾಮಿ, ಹಿಂದೆ ಮುದ್ರೆ ಇರುತ್ತದೆ. ನಡೆಯುವ ಸಿಂಹ ಇದ್ದರೆ ಇಂಗ್ಲೆಂಡಿನ ಸ್ಟರ್ಲಿಂಗ್, 925, ಅಂದರೆ ಸಾವಿರ ಪಾಲಿನಲ್ಲಿ 925 ಪಾಲು ಬೆಳ್ಳಿ. ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್. ಪಕ್ಕದ ಅಕ್ಷರ ನೋಡಿದರೆ ಯಾವ ವರ್ಷದ್ದು ಅಂತಲೂ ಗೊತ್ತಾಗುತ್ತದೆ. 84 ಅಂತ ಇದ್ದರೆ ರಷ್ಯದ್ದಿರಬಹುದು, ಅಂದರೆ 875. 830ಎಸ್ ಅಂತ ಇದ್ದರೆ ನಾರ್ವೆ ಕಡೆಯದು ಇರಬಹುದು. ಡೆನ್ಮಾರ್ಕಿನ ಮಿಖೆಲ್ಸನ್ ಅವರು 1910ರಿಂದ ಕ್ರಿಸ್‌ಮಸ್‌ಗೆ ಅಂತ ವರ್ಷಕ್ಕೊಂದು ಎನಾಮಲ್ ಚಮಚ ತಂದರು, ಅದರ ಮೇಲೆ ಇಸವಿಯೇ ಇರುತ್ತದೆ. ಓದೋಕೆ ಇಷ್ಟೆಲ್ಲ ಇರುವಾಗ ನೀವು ಓದುವುದು ತಕ್ಕಡಿಯ ನಂಬರ್ ಒಂದನ್ನೇ.

"ಇನ್ವೆಸ್ಟ್‌ಮೆಂಟ್ ಆಗಿ ಹೇಗೆ ಸಾರ್?" ಹೋಗಿ ಎಫ್‌ಡಿ ಇಡಿ. "ಇದರಲ್ಲಿ ಊಟ ಮಾಡಬಹುದಾ?" ಮಾಡಬೇಡಿ. "ಇದರಿಂದ ಏನು ಉಪಯೋಗ?" ಐಪಿಎಲ್ ನೋಡಿದರೆ ಏನು ಉಪಯೋಗ? ನನ್ನ ಹೆಂಡತಿ ಈ ಹವ್ಯಾಸಕ್ಕೆ ಚಮಚಾಗಿರಿ ಅಂತ ಹೆಸರಿಟ್ಟಿದ್ದಾಳೆ, ಅವಳೂ ಇದುವರೆಗೆ ಗ್ರಾಂ ಲೆಕ್ಕ ಕೇಳಿಲ್ಲ. ಎಷ್ಟು ಕೊಟ್ಟಿರಿ ಅಂತ ಕೇಳಿದ್ದಾಳೆ, ಅದು ಬೇರೆ ವಿಷಯ. ಅದಕ್ಕೆ ನಾನು ಉತ್ತರ ಕೊಟ್ಟಿಲ್ಲ. ಈ ಭಾಗವನ್ನು ಎಡಿಟ್‌ನಲ್ಲಿ ತೆಗೆಯಬೇಕು, ನೆನಪಿಸಿ.

ಇನ್ನೂ ಎರಡು ಪಾಯಿಂಟ್ ಬರೆದಿಟ್ಟಿದ್ದೆ. ಹಾಳೆ ಸಿಗುತ್ತಿಲ್ಲ. ಬೇಕಾಗಿಯೂ ಇಲ್ಲ. ತಕ್ಕಡಿ ಬೇಡ ಅಂದರೆ ಬೇಡ, ಅಷ್ಟೇ. ಅರ್ಥ ಆದವರಿಗೆ ಆಗಲೇ ಆಗಿದೆ, ಆಗದವರು ಕಾಮೆಂಟ್ ಟೈಪ್ ಮಾಡುತ್ತಿದ್ದಾರೆ. ಮಾಡಿ, ಮಾಡಿ. ಟೈಪ್ ಮಾಡುವಾಗ ಹಾಗೆಯೇ ಸಬ್‌ಸ್ಕ್ರೈಬ್ ಕೂಡ ಒತ್ತಿಬಿಡಿ, ಪಕ್ಕದಲ್ಲೇ ಇದೆ. ಭಾವಮೈದುನ, ನೀನೂ ಒತ್ತು.

ಮುಂದಿನ ವಾರ ಖಂಡಿತ ರಷ್ಯದ ನಕಲಿ ಮುದ್ರೆಗಳು. ನಿಮ್ಮ ಹತ್ತಿರ ಹಳೆ ಎನಾಮಲ್ ಚಮಚ ಇದ್ದರೆ ಮುಂದೆ ಹಿಂದೆ ಎರಡೂ ಕಡೆ ಫೋಟೋ ತೆಗೆದು ಕಳಿಸಿ, ಮುದ್ರೆ ಸ್ಪಷ್ಟವಾಗಿ ಕಾಣಬೇಕು. ಕಳೆದ ಸಲ ಒಬ್ಬರು ಚಮಚವನ್ನು ಡಿಜಿಟಲ್ ತಕ್ಕಡಿಯ ಮೇಲೆ ಇಟ್ಟು ಫೋಟೋ ಕಳಿಸಿದ್ದರು. ಅಂಥದ್ದು ಬಂದರೆ ತೆರೆದು ಕೂಡ ನೋಡುವುದಿಲ್ಲ.