ಹಾಸಿಗೆಯ ಬಳಿಗೆ ಬರುವ ಧರ್ಮಗುರು

ಕೇಳುಗರೆಲ್ಲರಿಗೂ ನಮಸ್ಕಾರ. ಆಸ್ಪತ್ರೆ, ಸೆರೆಮನೆ, ಸೇನಾ ಶಿಬಿರಗಳಂಥ ಕಡೆ ನೇಮಕಗೊಂಡು, ಅಲ್ಲಿರುವವರ ನಂಬಿಕೆ, ಅಳಲು, ಅಂಜಿಕೆಗಳಿಗೆ ಕಿವಿಗೊಡುವ ಧರ್ಮಗುರುಗಳ ಬಗ್ಗೆ ಈ ಹೊತ್ತು ಮಾತನಾಡುತ್ತೇನೆ. ಇಂಗ್ಲಿಷಿನಲ್ಲಿ ಇವರನ್ನು ಚಾಪ್ಲೆನ್ ಎಂದು ಕರೆಯುತ್ತಾರೆ. ಗುಡಿಗೋ ಇಗರ್ಜಿಗೋ ಮಸೀದಿಗೋ ಭಕ್ತರು ತಾವಾಗಿ ಹೋಗುತ್ತಾರೆ. ಆದರೆ ಎದ್ದು ಓಡಾಡಲಾಗದ ರೋಗಿಯ ಬಳಿಗೆ, ಹೊರಗೆ ಹೋಗಲು ಅಪ್ಪಣೆಯಿಲ್ಲದ ಕೈದಿಯ ಬಳಿಗೆ ಗುರುವೇ ನಡೆದು ಹೋಗಬೇಕಾಗುತ್ತದೆ.

ನಮ್ಮ ಭೂಸೇನೆಯಲ್ಲಿಯೂ ಇಂಥ ಹುದ್ದೆಯಿದೆ. ಪಂಡಿತ, ಸಿಖ್ಖರ ಗುರುವಾದ ಗ್ರಂಥಿ, ಮೌಲ್ವಿ, ಪಾದ್ರಿ, ಬೌದ್ಧ ಭಿಕ್ಷು ಹೀಗೆ ಬೇರೆ ಬೇರೆ ಧರ್ಮದವರನ್ನು ನಾಯಬ್ ಸುಬೇದಾರ್ ದರ್ಜೆಯಲ್ಲಿ ಧರ್ಮಶಿಕ್ಷಕರೆಂದು ಸೇರಿಸಿಕೊಂಡು, ಪುಣೆಯಲ್ಲಿ ಅವರಿಗೆ ಒಟ್ಟಿಗೆ ತರಬೇತಿ ಕೊಡುತ್ತಾರೆ. ಸೇನೆಯ ಪ್ರಕಟಣೆಗಳು ಈ ಹುದ್ದೆಯ ಕರ್ತವ್ಯಗಳನ್ನು ಹೇಳುವಾಗ ಪೂಜೆ, ಪ್ರವಚನ, ಅಂತ್ಯಕ್ರಿಯೆಗಳ ಜೊತೆಗೆ ಆಸ್ಪತ್ರೆಯಲ್ಲಿರುವ ಸೈನಿಕರನ್ನು ಕಂಡು ಬರುವುದನ್ನೂ, ಶಿಕ್ಷೆ ಅನುಭವಿಸುತ್ತಿರುವ ಸೈನಿಕರನ್ನು ಭೇಟಿ ಮಾಡುವುದನ್ನೂ ಸೇರಿಸುತ್ತವೆ. ತಪ್ಪು ಮಾಡಿ ಕೋಣೆಯೊಳಗೆ ಕುಳಿತವನನ್ನು ಮಾತನಾಡಿಸುವ ಹೊಣೆಯನ್ನು, ಆ ಶಿಕ್ಷೆಯನ್ನು ಕೊಟ್ಟ ವ್ಯವಸ್ಥೆಯೇ ಒಬ್ಬನಿಗೆ ಒಪ್ಪಿಸಿದೆ. ಈ ಹುದ್ದೆಯ ತಿರುಳು ಇಲ್ಲಿದೆ ಎಂದು ನಾನು ತಿಳಿದಿದ್ದೇನೆ. ಇಂಗ್ಲೆಂಡ್ ಮತ್ತು ವೇಲ್ಸಿನ 1952ರ ಸೆರೆಮನೆ ಕಾಯಿದೆಯೂ ಪ್ರತಿ ಸೆರೆಮನೆಯಲ್ಲಿ ಒಬ್ಬ ಧರ್ಮಗುರು ಇರತಕ್ಕದ್ದೆಂದು ವಿಧಿಸಿತು.

ನಾನು ಹೆಚ್ಚು ಹೇಳಬೇಕೆಂದಿರುವುದು ಆಸ್ಪತ್ರೆಯ ಮಾತು. ವಾರ್ಡಿನ ಹಾಸಿಗೆಯ ಬಳಿಗೆ ಬರುವ ಪ್ರತಿಯೊಬ್ಬರೂ ಏನಾದರೊಂದು ಕೆಲಸವಿಟ್ಟುಕೊಂಡೇ ಬರುತ್ತಾರೆ. ಒಬ್ಬರು ರಕ್ತ ತೆಗೆಯುತ್ತಾರೆ, ಒಬ್ಬರು ಡ್ರಿಪ್ ಬದಲಿಸುತ್ತಾರೆ, ವೈದ್ಯರು ಕೇಸ್ ಶೀಟ್ ನೋಡಿ ಮುಂದಿನ ಹಾಸಿಗೆಗೆ ಸಾಗುತ್ತಾರೆ, ಮಧ್ಯಾಹ್ನ ಬಿಲ್ಲಿನವರು ಬರುತ್ತಾರೆ. ಅವರಲ್ಲಿ ಯಾರದೂ ತಪ್ಪಲ್ಲ. ಅವರಿಗೆ ನಿಲ್ಲಲು ಹೊತ್ತಿಲ್ಲ. ರೋಗಿಯಿಂದ ಏನನ್ನೂ ಪಡೆಯಬೇಕಾಗಿಲ್ಲದೆ, ಸ್ಟೂಲ್ ಎಳೆದುಕೊಂಡು ಸುಮ್ಮನೆ ಕೂರಬಲ್ಲ ಉದ್ಯೋಗಿ ಈ ಧರ್ಮಗುರು.

ಹಾಗೆ ಕೂರುವುದಕ್ಕೂ ಕಲಿಕೆ ಬೇಕೆಂಬುದನ್ನು ತೋರಿಸಿಕೊಟ್ಟವರಲ್ಲಿ ಅಮೆರಿಕದ ಆಂಟನ್ ಬಾಯ್ಸನ್ ಮುಖ್ಯರು. 1920ರಲ್ಲಿ ಅವರೇ ಮಾನಸಿಕ ರೋಗಿಯಾಗಿ ಆಸ್ಪತ್ರೆ ಸೇರಿದ್ದರು. ಗುಣವಾದ ಮೇಲೆ ಮ್ಯಾಸಚೂಸೆಟ್ಸ್ ರಾಜ್ಯದ ವೂಸ್ಟರ್ ಮಾನಸಿಕ ಆಸ್ಪತ್ರೆಯಲ್ಲಿ ಧರ್ಮಗುರುವಾಗಿ, 1925ರ ಬೇಸಿಗೆಯಲ್ಲಿ ದೇವಶಾಸ್ತ್ರದ ವಿದ್ಯಾರ್ಥಿಗಳನ್ನು ವಾರ್ಡುಗಳಿಗೆ ಕರೆತಂದರು. ಪುಸ್ತಕಗಳಷ್ಟೇ ಶ್ರದ್ಧೆಯಿಂದ ರೋಗಿಯ ಬದುಕನ್ನೂ ಓದಬೇಕೆಂಬುದು ಅವರ ನಿಲುವಾಗಿತ್ತು. ಆ ಪರಂಪರೆಯಲ್ಲಿ ಬೆಳೆದ ಶಿಕ್ಷಣಕ್ರಮದಲ್ಲಿ ವಿದ್ಯಾರ್ಥಿಯು ರೋಗಿಯೊಡನೆ ಆಡಿದ ಮಾತನ್ನು ನೆನಪಿನಿಂದ ಪದಶಃ ಬರೆದು, ಮೌನವಿದ್ದಲ್ಲಿ ಮೌನವೆಂದೂ ಬರೆದು, ಗುರುಗಳ ಹಾಗೂ ಸಹಪಾಠಿಗಳ ಮುಂದೆ ಓದಬೇಕು. ರೋಗಿ, "ನಾನು ಮನೆಗೆ ಹೋಗುತ್ತೇನೆ ಅನ್ನಿಸುವುದಿಲ್ಲ" ಎಂದಾಗ ವಿದ್ಯಾರ್ಥಿ, "ಹಾಗೆಲ್ಲ ಅನ್ನಬೇಡಿ, ದೇವರು ದೊಡ್ಡವನು" ಎಂದು ಉತ್ತರಿಸಿದ್ದಾನೆ ಎನ್ನೋಣ. ಅಲ್ಲಿಗೆ ಓದು ನಿಲ್ಲುತ್ತದೆ. ಆ ಸಮಾಧಾನ ರೋಗಿಗೆ ಬೇಕಿತ್ತೋ, ಸಾವಿನ ಮಾತು ಕೇಳಿ ಹೆದರಿದ ನಿನಗೆ ಬೇಕಿತ್ತೋ ಎಂದು ಕೇಳುತ್ತಾರೆ. ರೋಗಿಯನ್ನು ನೋಡಲು ಹೋಗುವ ನಾವೆಲ್ಲರೂ ಇಂಥದೇ ಮಾತಿನಿಂದ ಅವರ ಬಾಯಿ ಮುಚ್ಚಿಸುತ್ತೇವೆ. ಹಣ್ಣಿನ ಚೀಲ ಇಟ್ಟು ಧೈರ್ಯ ಹೇಳಿ ಹೊರಡುತ್ತೇವೆ. ಹೇಳಬೇಕಾದ್ದು ಅವರ ಎದೆಯಲ್ಲೇ ಉಳಿಯುತ್ತದೆ.

ಲಂಡನ್ನಿನಲ್ಲಿ 1967ರಲ್ಲಿ, ಸಾವು ಸಮೀಪಿಸಿದವರನ್ನು ಆರೈಕೆ ಮಾಡುವ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ ತೆರೆದ ಡಾ. ಸಿಸಿಲಿ ಸಾಂಡರ್ಸ್, ಸಾವಿನಂಚಿನ ನೋವು ದೇಹಕ್ಕೆ ಮಾತ್ರ ಸೇರಿದ್ದಲ್ಲ, ಅದರಲ್ಲಿ ಮನಸ್ಸಿನ, ಸಂಸಾರದ, ಆತ್ಮದ ನೋವೂ ಬೆರೆತಿರುತ್ತದೆ ಎಂದು ವೈದ್ಯಲೋಕಕ್ಕೆ ಮನಗಾಣಿಸಿದರು. ಮಾರ್ಫಿನ್ ಕೊಟ್ಟರೂ ತಗ್ಗದ ನೋವಿನ ಹಿಂದೆ, ಮಗನೊಡನೆ ಮುರಿದುಹೋದ ಮಾತೋ, ಹಳೆಯದೊಂದು ಪಾಪಭೀತಿಯೋ ಇರಬಹುದು.

ಬ್ರಿಟನ್ನಿನ ಸರಕಾರಿ ಆಸ್ಪತ್ರೆಗಳಲ್ಲಿ ಇಂದು ಕ್ರೈಸ್ತರಷ್ಟೇ ಅಲ್ಲ, ಮುಸ್ಲಿಂ, ಯಹೂದಿ, ಸಿಖ್, ಹಿಂದೂ ಧರ್ಮಗುರುಗಳೂ, ದೇವರನ್ನು ನಂಬದವರಿಗಾಗಿ ಮಾನವತಾವಾದಿ ಆಪ್ತರೂ ಇದ್ದಾರೆ. ಮಕ್ಕಳ ಮನೆಗೆಂದು ಅಲ್ಲಿಗೆ ಹೋಗಿ ಕಾಯಿಲೆ ಬಿದ್ದ ನಮ್ಮ ಕಡೆಯ ಹಿರಿಯರಿಗೂ ಈ ಸೇವೆ ದೊರೆಯುತ್ತದೆ. ಉದಾಹರಣೆಗೆ, ಕೊರಳಲ್ಲಿ ಇಷ್ಟಲಿಂಗ ಧರಿಸಿದ ಲಿಂಗಾಯತ ತಾಯಿಯೊಬ್ಬರನ್ನು ಶಸ್ತ್ರಚಿಕಿತ್ಸೆಗೆ ಒಯ್ಯುವಾಗ, ಒಡವೆಗಳೊಡನೆ ಅದನ್ನೂ ತೆಗೆದಿಡಿ ಎಂದು ನರ್ಸ್ ಹೇಳುವುದು ಸಹಜ. ಅದು ಒಡವೆಯಲ್ಲ, ಬದುಕಿರುವವರೆಗೂ ಮೈಯಿಂದ ಅಗಲಿಸಬಾರದೆಂದು ಅವರು ನಂಬಿದ ಲಿಂಗವೆಂದು ವಿವರಿಸಿ, ಸುರಕ್ಷಿತವಾಗಿ ಬಟ್ಟೆಯಲ್ಲಿ ಸುತ್ತಿ ಮೈಗೆ ಅಂಟಿಸಿಡಬಹುದೇ ಎಂದು ವೈದ್ಯರನ್ನು ಕೇಳುವ ಕೆಲಸ ಧರ್ಮಗುರುವಿನದು. ಹಿಂದೂ ಎಂದು ಬರೆದಿದ್ದಾಕ್ಷಣ ದಹನವೆಂದು ಊಹಿಸದೆ, ಲಿಂಗಾಯತರಲ್ಲಿ ಹೂಳುವ ಪದ್ಧತಿಯಿದೆ ಎಂಬುದನ್ನು ಅರಿತಿರುವುದೂ ಅವರದೇ ಹೊಣೆ.

ನಮ್ಮಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು, ಬೆಂಗಳೂರಿನ ಸೇಂಟ್ ಜಾನ್ಸ್‌ನಂಥ ಮಿಷನ್ ಆಸ್ಪತ್ರೆಗಳಲ್ಲಿ ಈ ಸೇವೆಯಿದೆ. ಕಥೋಲಿಕ ರೋಗಿ ಕೇಳಿದರೆ ಗುರುಗಳು ಪರಮಪ್ರಸಾದವನ್ನು ವಾರ್ಡಿಗೇ ತರುತ್ತಾರೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಮಾತ್ರ ಈ ಕೆಲಸವನ್ನು ಪಕ್ಕದ ಹಾಸಿಗೆಯ ರೋಗಿಯ ಕಡೆಯವರೋ, ರಾತ್ರಿ ಪಾಳಿಯ ಆಯಾ ಒಬ್ಬರೋ ತಮ್ಮ ಒಳ್ಳೆಯತನದಿಂದ ಮಾಡುತ್ತಿದ್ದಾರೆ. ಅವರ ಒಳ್ಳೆಯತನ ದೊಡ್ಡದು, ಆದರೆ ಅದನ್ನೇ ನಂಬಿ ಕೂರುವುದು ಸರಿಯಲ್ಲವೆಂದು ನನಗೆ ತೋರುತ್ತದೆ. ಹಾಸಿಗೆ ಹಿಡಿದವರ ಮೇಲೆ ಧರ್ಮ ಹೇರುವ ಭಯ ಅನೇಕರಲ್ಲಿದೆ, ಅದನ್ನು ತಳ್ಳಿಹಾಕುವಂತಿಲ್ಲ. ರೋಗಿ ಬಯಸದೆ ಪ್ರಾರ್ಥಿಸಬಾರದು, ತನ್ನ ಮತವನ್ನು ಪ್ರಚಾರ ಮಾಡಬಾರದು, ಬೇಡವೆಂದರೆ ಎದ್ದು ಹೋಗಬೇಕು ಎಂಬುದು ಈ ವೃತ್ತಿಯ ಕಟ್ಟುಪಾಡು. ಅದನ್ನು ಮುರಿದವರನ್ನು ಆ ಹುದ್ದೆಯಲ್ಲಿ ಇಟ್ಟುಕೊಳ್ಳಬಾರದು.

ನಿಮ್ಮ ಮನೆಯವರನ್ನು ಆಸ್ಪತ್ರೆಗೆ ಸೇರಿಸುವ ಪ್ರಸಂಗ ಬಂದರೆ, ಅವರ ನಂಬಿಕೆ, ಮೈಮೇಲಿನಿಂದ ತೆಗೆಯಬಾರದ ವಸ್ತು, ಯಾರನ್ನು ಕಾಣಲು ಬಯಸುತ್ತಾರೆ ಎಂಬುದನ್ನು ಮೊದಲ ದಿನವೇ ವಾರ್ಡ್ ಸಿಸ್ಟರಿಗೆ ತಿಳಿಸಿ. ಅಲ್ಲಿ ಧರ್ಮಗುರುಗಳೋ ಆಪ್ತ ಸಮಾಲೋಚಕರೋ ಇದ್ದಾರೆಯೇ ಎಂದು ವಿಚಾರಿಸಿ. ಕರೆಸಬೇಕೋ ಬೇಡವೋ ಎಂಬುದನ್ನು ರೋಗಿಯನ್ನೇ ಕೇಳಿ ತೀರ್ಮಾನಿಸಿ. ನಮಸ್ಕಾರ.