ಇಂಗ್ಲಿಷಿನಲ್ಲಿ ನಾಳೆಯ ಮಾತು

ಕೇಳುಗರೆಲ್ಲರಿಗೂ ನಮಸ್ಕಾರ.

ಭವಿಷ್ಯತ್ಕಾಲ ಎಂದರೆ 'ವಿಲ್' ಮತ್ತು 'ಶಲ್' ಎಂದು ಶಾಲೆಯಲ್ಲಿ ನಾವೆಲ್ಲ ಬಾಯಿಪಾಠ ಮಾಡಿದವರೇ. ಅದು ತಪ್ಪೇನಲ್ಲ, ಆದರೆ ಅರ್ಧ ಪಾಠ. ಇಂಗ್ಲಿಷಿನ ಕ್ರಿಯಾಪದಕ್ಕೆ ಭೂತಕಾಲದ ಪ್ರತ್ಯಯವಿದೆ. 'ವಾಕ್' ಎಂಬುದು 'ವಾಕ್ಡ್' ಆಗುತ್ತದೆ. ಭವಿಷ್ಯತ್ತಿಗೆ ಅಂಥ ಪ್ರತ್ಯಯವೇ ಇಲ್ಲ. ಹಾಗಾಗಿ ನಾಳೆಯ ಮಾತಿಗೆ ಅಲ್ಲಿ ದಾರಿಗಳು ಹಲವು. ಯಾವುದನ್ನು ಹಿಡಿಯಬೇಕು? ಆ ನಾಳೆ ನಿಮ್ಮ ಮನಸ್ಸಿನಲ್ಲಿ ಈಗಾಗಲೇ ಎಷ್ಟು ಗಟ್ಟಿಯಾಗಿದೆ ಎಂದು ನೋಡಿಕೊಳ್ಳಿ.

ಮನೆಯಲ್ಲಿ ಫೋನ್ ಬಡಿದುಕೊಳ್ಳುತ್ತದೆ. ನೀವು ಏಳುತ್ತಲೇ 'ಐ ವಿಲ್ ಗೆಟ್ ಇಟ್' ಅನ್ನುತ್ತೀರಿ. ಅದು ಆ ಗಳಿಗೆಯಲ್ಲೇ ಹುಟ್ಟಿದ ತೀರ್ಮಾನ. ಮಗಳು ಪಿಯುಸಿ ಮುಗಿಸಿ ಕಾನೂನು ಓದಲು ಮೊದಲೇ ಮನಸ್ಸು ಮಾಡಿದ್ದರೆ, 'ಶಿ ಈಸ್ ಗೋಯಿಂಗ್ ಟು ಸ್ಟಡಿ ಲಾ'. ಶನಿವಾರ ಹಲ್ಲಿನ ಡಾಕ್ಟರ ಹತ್ತಿರ ಅಪಾಯಿಂಟ್‌ಮೆಂಟ್ ಆಗಿಹೋಗಿದ್ದರೆ, 'ಐ ಆಮ್ ಸೀಯಿಂಗ್ ದ ಡೆಂಟಿಸ್ಟ್ ಆನ್ ಸ್ಯಾಟರ್ಡೇ'. ವೇಳಾಪಟ್ಟಿಯಲ್ಲಿ ಅಚ್ಚಾಗಿರುವ ರೈಲಿಗೆ 'ದ ಟ್ರೈನ್ ಲೀವ್ಸ್ ಅಟ್ ಸಿಕ್ಸ್' ಸಾಕು. ರೂಪ ವರ್ತಮಾನದ್ದು, ಮಾತು ನಾಳೆಯದು. ನಮಗೇನೂ ಇದು ಹೊಸದಲ್ಲ. 'ದಿನಾ ಬರ್ತೀನಿ', 'ನಾಳೆ ಬರ್ತೀನಿ' ಎರಡಕ್ಕೂ ನಮ್ಮಲ್ಲಿ ಒಂದೇ ರೂಪ.

ಇನ್ನು ಊಹೆಯ ಮಾತು. ಕಾರ್ಮೋಡ ಕವಿದು ಗಾಳಿ ಎದ್ದಿದೆ. 'ಇಟ್ ಈಸ್ ಗೋಯಿಂಗ್ ಟು ರೇನ್'. ಸಾಕ್ಷಿ ಕಣ್ಣೆದುರೇ ಇದೆ. ಬರೀ ಅನಿಸಿಕೆಯಾದರೆ 'ಐ ಥಿಂಕ್ ಇಟ್ ವಿಲ್ ರೇನ್ ಟುಮಾರೊ'. ಬಂದರೂ ಬರಬಹುದು ಎಂಬಷ್ಟೇ ಆದರೆ 'ಇಟ್ ಮೈಟ್ ರೇನ್'. ಇಲ್ಲಿ ಮೇಷ್ಟ್ರುಗಳಿಗೆ ನನ್ನದೊಂದು ವಿನಂತಿ. 'ಮಳೆ ಬಂದೀತು', 'ಅವನು ಬಂದಾನು' ಎಂದು ಸಾಧ್ಯತೆಗೇ ಮೀಸಲಾದ ರೂಪ ಕನ್ನಡದಲ್ಲಿದೆ. ಹಳ್ಳಿಯ ಮಕ್ಕಳು ಅದನ್ನು ಕೇಳುತ್ತಲೇ ಬೆಳೆದಿರುತ್ತಾರೆ. 'ಮೈಟ್' ಕಲಿಸುವಾಗ ಅಲ್ಲಿಂದಲೇ ಶುರು ಮಾಡಿ. ಮಗುವಿಗೆ ಗೊತ್ತಿರುವುದನ್ನು ಬದಿಗಿಟ್ಟು ಕೋಷ್ಟಕ ಉರುಹೊಡೆಸುವುದು ನನಗೆ ನಿಜಕ್ಕೂ ನೋವಿನ ಸಂಗತಿ.

'ಇಫ್ ಇಟ್ ವಿಲ್ ರೇನ್' ಎಂಬ ತಪ್ಪಿಗೂ ಮದ್ದು ನಮ್ಮಲ್ಲೇ ಇದೆ. 'ಮಳೆ ಬಂದರೆ' ಅನ್ನುವಾಗ ನಾವು ಭವಿಷ್ಯತ್ತಿನ ರೂಪ ಬಳಸುವುದೇ ಇಲ್ಲ. 'ಬಂದ' ಎಂಬ ಭೂತಕಾಲದ ರೂಪದ ಮೇಲೆಯೇ 'ರೆ' ಕೂತಿದೆ. ಇಂಗ್ಲಿಷಿನಲ್ಲೂ ಷರತ್ತಿನ ಭಾಗಕ್ಕೆ 'ವಿಲ್' ಬೇಡ: 'ಇಫ್ ಇಟ್ ರೇನ್ಸ್, ವಿ ವಿಲ್ ಸ್ಟೇ ಅಟ್ ಹೋಮ್'. 'ವೆನ್' ಬಂದಾಗಲೂ ಹೀಗೆಯೇ: 'ಐ ವಿಲ್ ಕಾಲ್ ಯೂ ವೆನ್ ಐ ರೀಚ್ ಹುಬ್ಬಳ್ಳಿ'.

ನಮಸ್ಕಾರ.