ಬ್ಯಾರನ್ ಬರೆದದ್ದೇ ಒಂದು, ಕಾನೂನು ಹೇಳಿದ್ದೇ ಇನ್ನೊಂದು

ಎಲ್ಲರಿಗೂ ನಮಸ್ಕಾರ. ನನಗಿಂತ ಮುಂಚೆ ಮಾತಾಡಿದವರು ಕಿಯಾಂಟಿಗೆ, ಅಂದ್ರೆ ಇಟಲಿಯ ಟಸ್ಕನಿಯ ಕೆಂಪು ವೈನಿಗೆ, ಬಿಳಿ ದ್ರಾಕ್ಷಿ ಬೆರೆಸೋದೇ ಸಂಪ್ರದಾಯ, ಹೊಸಬರು ಬಂದು ಕೆಡಿಸಿದ್ರು ಅಂದ್ರು. ನಾನು ಅದನ್ನ ಒಪ್ಪಲ್ಲ, ಅದಕ್ಕೇ ಬರ್ಕೊಂಡು ಬಂದಿದ್ದನ್ನ ಪಕ್ಕಕ್ಕಿಟ್ಟು ಮೊದಲು ಒಂದು ಹಳೇ ಪತ್ರದ ವಿಷಯ ಹೇಳ್ತೀನಿ.

ಕಿಯಾಂಟಿ ಸೀಮೆಯ ಬ್ರೋಲಿಯೋ ಕೋಟೆಯ ಬ್ಯಾರನ್ ಬೆಟ್ಟೀನೋ ರಿಕಾಸೋಲಿ, ಎರಡು ಸಲ ಇಟಲಿಯ ಪ್ರಧಾನಿ ಆಗಿದ್ದವರು, ವರ್ಷಾನುಗಟ್ಟಲೆ ತಳಿಗಳನ್ನ ಬೆರೆಸಿ ನೋಡಿ 1872ರಲ್ಲಿ ಪೀಸಾದ ಒಬ್ಬ ಪ್ರೊಫೆಸರಿಗೆ ಪತ್ರ ಬರೀತಾರೆ. ಸಾಂಜೋವೇಸೆ ಅನ್ನೋ ಕೆಂಪು ದ್ರಾಕ್ಷಿಯಿಂದ ಪರಿಮಳ, ಕಸುವು; ಅದರ ಒರಟುತನ ತಗ್ಗಿಸೋಕೆ ಕನಾಯೋಲೋ ಅನ್ನೋ ಇನ್ನೊಂದು ಕೆಂಪು ತಳಿ; ಬಿಳಿ ದ್ರಾಕ್ಷಿ ಮಾಲ್ವಾಸಿಯಾ ಹಾಕಿದ್ರೆ ವೈನ್ ಹಗುರ ಆಗುತ್ತೆ, ದಿನಾ ಊಟಕ್ಕೆ ಚೆನ್ನ, ಆದ್ರೆ ವರ್ಷಗಟ್ಟಲೆ ಇಡೋ ವೈನಿಗೆ ಅದನ್ನ ಕಮ್ಮಿ ಮಾಡಬಹುದು ಅಂತ. ನೋಡಿ, ಎರಡು ಥರದ ವೈನು, ಎರಡು ಥರದ ಲೆಕ್ಕ! ಟ್ರೆಬ್ಬಿಯಾನೋ ಅನ್ನೋ ಇನ್ನೊಂದು ಬಿಳಿ ದ್ರಾಕ್ಷಿಯ ಹೆಸರೇ ಆ ಪತ್ರದಲ್ಲಿಲ್ಲ.

ಕಿಯಾಂಟಿ ಹೆಸರಲ್ಲಿ ಮಾರೋ ವೈನಿಗೆ ಬಂದ 1967ರ ಕಾನೂನು ಏನ್ ಮಾಡ್ತು? ಮಾಲ್ವಾಸಿಯಾ, ಟ್ರೆಬ್ಬಿಯಾನೋ ಸೇರಿ 10ರಿಂದ 30% ಬಿಳಿ ದ್ರಾಕ್ಷಿ ಕಡ್ಡಾಯ ಅಂತು. ಟ್ರೆಬ್ಬಿಯಾನೋ ಬಳ್ಳಿಗೆ ಫಸಲು ಜಾಸ್ತಿ, ರುಚಿ ಸಪ್ಪೆ, ವೈನ್ ನೀರುನೀರಾಗದೆ ಇನ್ನೇನಾಗುತ್ತೆ ಹೇಳಿ. ವೈನ್ ಮಾಡೋ ಆಂಟಿನೋರಿ ಮನೆತನದವರು ತಮ್ಮ 1971ರ ಟಿನ್ಯಾನೆಲ್ಲೋ ವೈನಿಗೆ ಕಿಯಾಂಟಿ ಹೆಸರನ್ನೇ ಬಿಟ್ಟರು, ಫ್ರೆಂಚರ ಥರ ಸಣ್ಣ ಓಕ್ ಪೀಪಾಯಿಯಲ್ಲಿ ಇಟ್ಟರು, 1975ರಷ್ಟೊತ್ತಿಗೆ ಬಿಳಿ ದ್ರಾಕ್ಷಿ ಪೂರ್ತಿ ಹೋಗಿ ಕ್ಯಾಬರ್ನೆ ಅನ್ನೋ ಫ್ರೆಂಚ್ ಕೆಂಪು ದ್ರಾಕ್ಷಿ ಬಂದಿತ್ತು, ಕಾನೂನಿನ ಲೆಕ್ಕಕ್ಕೆ ಹೊಂದದ್ದಕ್ಕೆ ಅಷ್ಟು ದುಬಾರಿ ಬಾಟಲಿ ಮೇಲೆ ಬರೀ ಟೇಬಲ್ ವೈನ್ ಅಂತ, ಅಂದ್ರೆ ತೀರಾ ಕೆಳಗಿನ ದರ್ಜೆಯ ಲೇಬಲ್ಲು! ಬಿಳಿ ದ್ರಾಕ್ಷಿ ಬಿಟ್ಟಿದ್ದು ನನ್ನ ಪ್ರಕಾರ ದ್ರೋಹ ಅಲ್ಲವೇ ಅಲ್ಲ, ಪತ್ರ ಓದಿ ಸ್ವಾಮಿ, ಇಡೋ ವೈನಿಗೆ ಅದು ಬೇಕಿಲ್ಲ ಅನ್ನೋ ದಾರಿ ಬ್ಯಾರನ್ನೇ ತೋರ್ಸಿದ್ರು.

ಹಾಗಂತ ಹೊಸದೆಲ್ಲ ಸರಿ ಅಂತಾನೂ ಅಲ್ಲ. ಆಮೇಲೆ ಎಷ್ಟೋ ಕಡೆ ಮೆರ್ಲೋ ಅನ್ನೋ ಫ್ರೆಂಚ್ ದ್ರಾಕ್ಷಿ, ಹೊಸ ಓಕ್ ಪೀಪಾಯಿ ಸೇರಿ ವೆನಿಲಾ ವಾಸನೆಯಲ್ಲಿ ಸಾಂಜೋವೇಸೆ ಮುಳುಗೇ ಹೋಯ್ತು. ನನಗೆ ನಿಜವಾಗಿ ಹೊಟ್ಟೆ ಉರಿಯೋದು ಗೊವೆರ್ನೋ ಅನ್ನೋ ಅಲ್ಲಿಯ ಹಳೇ ಪದ್ಧತಿ ಮೂಲೆಗೆ ಬಿದ್ದಿದ್ದಕ್ಕೆ. ಒಂದಷ್ಟು ಗೊಂಚಲು ತೆಗೆದಿಟ್ಟು, ತಟ್ಟಿ ಮೇಲೆ ಬಾಡಿಸಿ, ಮೊದಲ ಹುದುಗು ನಿಂತ ಮೇಲೆ ಹಿಂಡಿ ವೈನಿಗೆ ಸೇರಿಸ್ತಿದ್ರು, ಚಳಿಗಾಲದಲ್ಲಿ ಅದು ಮತ್ತೆ ಮೆಲ್ಲಗೆ ನೊರೆ ಕಟ್ಟಿ ಹುದುಗೋದು, ಒಗರು ಇಳಿದು ವೈನ್ ದುಂಡಗಾಗೋದು. ಈಗ್ಲೂ ಕೆಲವರು ಮಾಡ್ತಾರೆ, ಸಿಕ್ಕಿದ್ರೆ ಬಿಡ್ಬೇಡಿ.

ಟೈಮ್ ಆಯ್ತು ಅಂತ ಚೀಟಿ ಬಂತು. ಕಿಯಾಂಟಿಯ ಮೂಲ ಸೀಮೆಯಾದ ಕಿಯಾಂಟಿ ಕ್ಲಾಸಿಕೋದ ವೈನಲ್ಲಿ 2006ರಿಂದ ಬಿಳಿ ದ್ರಾಕ್ಷಿಗೆ ಜಾಗವೇ ಇಲ್ಲ. ಅದರ ಅತಿ ಮೇಲಿನ ದರ್ಜೆ ಗ್ರಾನ್ ಸೆಲೆಜಿಯೋನೆಗೆ ಕನಿಷ್ಠ 90% ಸಾಂಜೋವೇಸೆ, ಉಳಿದದ್ದೂ ಸ್ಥಳೀಯ ತಳಿಗಳೇ ಇರ್ಲಿ ಅಂತ ಅಲ್ಲಿಯ ಬೆಳೆಗಾರರ ಸಂಘ 2021ರಲ್ಲಿ ತೀರ್ಮಾನ ಮಾಡಿದೆ, ಅಂದ್ರೆ ಕನಾಯೋಲೋಗೆ ಮತ್ತೆ ಬಾಗಿಲು ತೆರೀತಾ ಇದೆ, ನನಗಂತೂ ತುಂಬಾ ಖುಷಿ.